ಆಫ್ರಿಕಾದಲ್ಲಿ ವನ್ಯಜೀವಿ ಶಿಕ್ಷಣದ ಸ್ವಯಂಸೇವೆ, ಜೊತೆಗೆ ಸಫಾರಿ: ಹೋಗಿ ಬಂದವರು ದಯವಿಟ್ಟು ಹೇಳಿ

ಹುಣಸೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಶಾಲೆ ನಾಗರಹೊಳೆ ಕಾಡಿಗೆ ಹತ್ತಿರ. ಕ್ಲಾಸಿನಲ್ಲಿ ತುಂಬಾ ಮಕ್ಕಳ ಮನೆಯ ಹೊಲಕ್ಕೆ ಆನೆ, ಹಂದಿ ನುಗ್ಗಿದ ಅನುಭವ ಇದೆ. ಕೆಲವರ ಮನೆಯಲ್ಲಿ ಹಸು ಹುಲಿ ಪಾಲಾಗಿದೆ. ಈ ಮಕ್ಕಳಿಗೆ "ಕಾಡು ಉಳಿಸಿ" ಅಂತ ಬರೀ ಬೋರ್ಡ್ ಮೇಲೆ ಬರೆದರೆ ಏನೂ ಆಗಲ್ಲ. ಹೇಗೆ ಹೇಳಬೇಕು ಅಂತ ಹುಡುಕುತ್ತಲೇ ಇದ್ದೇನೆ.

ಮುಂದಿನ ಬೇಸಿಗೆ ರಜೆಯಲ್ಲಿ ಆಫ್ರಿಕಾಗೆ ಹೋಗಬೇಕು ಅಂತ ಆಸೆ. ವನ್ಯಜೀವಿ ಶಿಕ್ಷಣದಲ್ಲಿ ಸ್ವಯಂಸೇವೆ, ಕೊನೆಯಲ್ಲಿ ಸಫಾರಿ. ಸದ್ಯ ಕೈಯಲ್ಲಿ ಎರಡು ದಾರಿ ಇವೆ. ಒಂದು ದಕ್ಷಿಣ ಆಫ್ರಿಕಾದ್ದು, ಏಜೆನ್ಸಿ ಮೂಲಕ. ಬೆಳಗ್ಗೆ ಸಿಂಹದ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವುದು, ಮಧ್ಯಾಹ್ನ ಶಾಲೆಯಲ್ಲಿ ಪಾಠ, ವಾರದ ಕೊನೆಗೆ ಸಫಾರಿ. ಇನ್ನೊಂದು ಕೀನ್ಯಾದ್ದು. ಮಸಾಯಿ ಮಾರಾ ಅಭಯಾರಣ್ಯದ ಪಕ್ಕದ ಹಳ್ಳಿ ಶಾಲೆಗಳಲ್ಲಿ ಕೆಲಸ ಮಾಡುವ ಅಲ್ಲಿನದೇ ಚಿಕ್ಕ ತಂಡ. ಅವರ ಪತ್ರದಲ್ಲಿ ಪ್ರಾಣಿ ಮುಟ್ಟುವ ವಿಷಯವೇ ಇಲ್ಲ. ಆದರೆ ಪ್ರಶ್ನೆಗಳು ಬಹಳ ಕೇಳಿದ್ದಾರೆ. ಪೊಲೀಸ್ ವೆರಿಫಿಕೇಶನ್ ಕೂಡ ಬೇಕಂತೆ.

ಯಾವುದು ಒಳ್ಳೆಯದು? ನಾನು ಸಸ್ಯಾಹಾರಿ, ಒಬ್ಬಳೇ ಹೋಗುವವಳು. ಅದನ್ನೂ ಗಮನದಲ್ಲಿಟ್ಟು ಹೇಳಿ.

ಚೀತಾ ಹಾದಿ

ಮೇಡಂ, ಮೊದಲನೆಯದನ್ನು ಈಗಲೇ ಕೈಬಿಡಿ. ಯೋಚನೆ ಮಾಡುವಂಥದ್ದೇನೂ ಅದರಲ್ಲಿ ಇಲ್ಲ.

ಸಿಂಹದ ಮರಿ ಮನುಷ್ಯರ ಕೈಗೆ ಹೇಗೆ ಬರುತ್ತದೆ ಅಂತ ನೋಡಿ. ಅದಕ್ಕೆ ತಾಯಿ ಇರುತ್ತಾಳೆ. ಹುಟ್ಟಿದ ಕೆಲವೇ ದಿನಕ್ಕೆ ಮರಿಯನ್ನು ತಾಯಿಯಿಂದ ಬೇರೆ ಮಾಡುತ್ತಾರೆ. ಆಗ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತಾಳೆ, ಇನ್ನೊಂದು ಸೂಲು ಸಿಗುತ್ತದೆ. ಮರಿ ಚಿಕ್ಕದಿರುವಾಗ ಹಾಲು ಕುಡಿಸಲು ಸ್ವಯಂಸೇವಕರು ದುಡ್ಡು ಕೊಡುತ್ತಾರೆ. ಸ್ವಲ್ಪ ಬೆಳೆದ ಮೇಲೆ "ಸಿಂಹದ ಜೊತೆ ನಡಿಗೆ" ಅಂತ ಪ್ರವಾಸಿಗರು ಕೊಡುತ್ತಾರೆ. ದೊಡ್ಡದಾದ ಮೇಲೆ ಬೇಲಿಯೊಳಗೇ ಶಿಕಾರಿಗೆ ಬಿಡುವವರಿದ್ದಾರೆ. ಮೂಳೆಗೂ ಮಾರುಕಟ್ಟೆ ಇದೆ. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹವನ್ನು ಕಾಡಿಗೆ ಬಿಡಲು ಆಗುವುದಿಲ್ಲ. "ಅನಾಥ ಮರಿ, ದೊಡ್ಡದಾದ ಮೇಲೆ ಕಾಡಿಗೆ ಬಿಡುತ್ತೇವೆ" ಅನ್ನುವ ಜಾಹೀರಾತು ನಂಬಬೇಡಿ.

ದಕ್ಷಿಣ ಆಫ್ರಿಕಾದಲ್ಲಿ ಹೀಗೆ ಸಾಕುವ 300ಕ್ಕೂ ಹೆಚ್ಚು ಕೇಂದ್ರಗಳಿವೆ, ಸುಮಾರು 8 ಸಾವಿರ ಸಿಂಹಗಳಿವೆ. ಈ ದಂಧೆ ನಿಲ್ಲಿಸುತ್ತೇವೆ ಅಂತ ಅಲ್ಲಿನ ಸರ್ಕಾರ 2021ರಲ್ಲೇ ಹೇಳಿತು. ಕೆಲಸ ನಿಧಾನವಾಗಿ ನಡೆಯುತ್ತಿದೆ. ಅಲ್ಲಿಯವರೆಗೂ ನಮ್ಮಂಥವರ ದುಡ್ಡೇ ಅದಕ್ಕೆ ಗೊಬ್ಬರ.

ಅದೇ ದೇಶದಲ್ಲಿ ಒಳ್ಳೆಯ ಕೆಲಸವೂ ನಡೆದಿದೆ, ಅದನ್ನೂ ಹೇಳಬೇಕು. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಬಲೂಲೆ ಕಾಡಿನಲ್ಲಿ 2013ರಿಂದ ಬ್ಲ್ಯಾಕ್ ಮಾಂಬಾಸ್ ಅನ್ನುವ ತಂಡ ಇದೆ. ಕಾವಲು ಕಾಯುವವರು ಹೆಚ್ಚಾಗಿ ಅಕ್ಕಪಕ್ಕದ ಹಳ್ಳಿಯ ಹೆಣ್ಣುಮಕ್ಕಳು, ಅದೂ ಬಂದೂಕು ಇಲ್ಲದೆ. ಉರುಳು ಹುಡುಕಿ ಕೀಳುವುದು, ಬೇಲಿ ನೋಡಿಕೊಳ್ಳುವುದು ಅವರ ದಿನದ ಕೆಲಸ. 2015ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು. ಅವರದೇ ಬುಷ್ ಬೇಬೀಸ್ ಅನ್ನುವ ಶಾಲಾ ಕಾರ್ಯಕ್ರಮ ಸುತ್ತಲ ಪ್ರಾಥಮಿಕ ಶಾಲೆಗಳಲ್ಲಿ ನಡೆಯುತ್ತದೆ. ಪಾಠ ಹೇಳುವ ಅಕ್ಕ ಅದೇ ಊರಿನವಳು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಾ?

ನೈರೋಬಿ ಕನ್ನಡಿಗ

ಟೀಚರ್, ನಾನು ಕೀನ್ಯಾದಲ್ಲಿ ಕೆಲಸದ ಮೇಲೆ ಬಂದು ನೆಲೆಸಿದವನು. ಇಲ್ಲಿನ ಒಂದು ಶಾಲಾ ಕ್ಲಬ್‌ಗೆ ಶನಿವಾರ ಕೈಜೋಡಿಸುತ್ತೇನೆ. ಕೇಳಿದ್ದಕ್ಕೆ ಒಂದೊಂದಾಗಿ ಹೇಳುತ್ತೇನೆ.

ಆ ಚಿಕ್ಕ ತಂಡ ಪೊಲೀಸ್ ವೆರಿಫಿಕೇಶನ್ ಕೇಳಿದ್ದು ಒಳ್ಳೆಯ ಲಕ್ಷಣ. ಮಕ್ಕಳ ನಡುವೆ ಯಾರನ್ನು ಬಿಡುತ್ತೇವೆ ಅಂತ ಅವರು ಯೋಚನೆ ಮಾಡುತ್ತಾರೆ ಅಂತ ಅರ್ಥ. ದುಡ್ಡು ಕೊಟ್ಟರೆ ಸಾಕು, ನಾಳೆಯೇ ಬಂದು ಪಾಠ ಮಾಡಿ ಅನ್ನುವವರ ಬಗ್ಗೆಯೇ ಹುಷಾರಾಗಿರಬೇಕು.

ಪ್ರವಾಸಿಗರ ಅನುಮತಿಯಲ್ಲಿ ಬಂದು ಸ್ವಯಂಸೇವೆ ಮಾಡುವಂತಿಲ್ಲ. ಸಂಬಳ ಇಲ್ಲದಿದ್ದರೂ ಇಲ್ಲಿನ ವಲಸೆ ಇಲಾಖೆ ಅದನ್ನು ಕೆಲಸ ಅಂತಲೇ ನೋಡುತ್ತದೆ. ವಿಶೇಷ ಪಾಸ್ ಬೇಕು. ಅದಕ್ಕೆ ಓಡಾಡಬೇಕಾದವರು ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆಯವರು. "ಏನೂ ಬೇಡ ಬನ್ನಿ, ಯಾರೂ ಕೇಳಲ್ಲ" ಅಂದರೆ ಹಿಂದೆ ಸರಿಯಿರಿ. ಸಿಕ್ಕಿಬಿದ್ದರೆ ತೊಂದರೆ ನಿಮಗೆ.

ಈಗ ರಜೆಯ ಲೆಕ್ಕ. ಕೀನ್ಯಾ ಶಾಲೆಗಳಿಗೆ ಏಪ್ರಿಲ್‌ನಲ್ಲಿ ರಜೆ. ಎರಡನೇ ಟರ್ಮ್ ಶುರುವಾಗುವುದು ಏಪ್ರಿಲ್ ಕೊನೆಗೆ ಅಥವಾ ಮೇ ಮೊದಲಿಗೆ. ಏಪ್ರಿಲ್‌ನಲ್ಲೇ ಬಂದರೆ ಖಾಲಿ ಶಾಲೆ ನೋಡುತ್ತೀರಿ. ಮೇ ತಿಂಗಳಿಗೆ ಬನ್ನಿ. ಆಗ ದೊಡ್ಡ ಮಳೆಗಾಲ ನಡೆಯುತ್ತಿರುತ್ತದೆ, ಮಾರ್ಚ್‌ನಿಂದ ಮೇವರೆಗೂ ಇರುತ್ತದೆ. ಮಾರಾದ ನೆಲ ಬಹುಪಾಲು ಎರೆಮಣ್ಣು. ನೆಂದರೆ ಫೋರ್ ವೀಲ್ ಜೀಪ್ ಕೂಡ ಹೂತುಕೊಳ್ಳುತ್ತದೆ. ಇಲ್ಲಿನ ಮಕ್ಕಳು ಆ ಕೆಸರಲ್ಲೇ ನಡೆದು ಶಾಲೆಗೆ ಬರುತ್ತಾರೆ. ನೀವೂ ಗಟ್ಟಿ ಗಮ್‌ಬೂಟು ತನ್ನಿ.

ಕೀನ್ಯಾಗೆ ವನ್ಯಜೀವಿ ಶಿಕ್ಷಣ ಹೊರಗಿನಿಂದ ಬಂದದ್ದಲ್ಲ. ವೈಲ್ಡ್‌ಲೈಫ್ ಕ್ಲಬ್ಸ್ ಆಫ್ ಕೀನ್ಯಾ ಶುರುವಾಗಿದ್ದು 1968ರಲ್ಲಿ. ಶುರು ಮಾಡಿದ್ದು ಇಲ್ಲಿನ ವಿದ್ಯಾರ್ಥಿಗಳೇ. ಆಫ್ರಿಕಾದಲ್ಲಿ ಈ ಥರದ್ದು ಅದೇ ಮೊದಲು. ವಂಗಾರಿ ಮಾತಾಯ್ ಅವರ, ಗಿಡ ನೆಡುವ ಗ್ರೀನ್ ಬೆಲ್ಟ್ ಚಳವಳಿ 1977ರದ್ದು. ಹಾಗಾಗಿ "ನಾನು ಹೋಗಿ ತಿಳಿಸಿಕೊಡುತ್ತೇನೆ" ಅನ್ನುವ ಭಾವನೆ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ನಿಮ್ಮ ಪತ್ರದಲ್ಲಿ ಅದು ಕಾಣಲಿಲ್ಲ, ಆದರೂ ಹೇಳಿದೆ.

ಕಾಡಂಚಿನ ಮೇಷ್ಟ್ರು

ನನ್ನದು ಬೇರೆ ಮಾತು. ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಗುಂಡ್ಲುಪೇಟೆ ಕಡೆ ನಾನು ಪಾಠ ಮಾಡುವವನು. ಬೇಸಿಗೆಯಲ್ಲಿ ಬೆಂಕಿ, ಮಳೆಗಾಲದಲ್ಲಿ ಆನೆ. ಇಲ್ಲೇ ಇಷ್ಟು ಕೆಲಸ ಇರುವಾಗ ಅಷ್ಟು ಖರ್ಚು ಮಾಡಿ ಆಫ್ರಿಕಾಗೆ ಯಾಕೆ ಹೋಗಬೇಕು?

ನಮ್ಮಲ್ಲಿ ವೈಲ್ಡ್ ಶಾಲೆ ಕಾರ್ಯಕ್ರಮ 2018ರಿಂದ ನಡೆಯುತ್ತಿದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರದ್ದು, ಕೃತಿ ಕಾರಂತ್ ಅವರು ಕಟ್ಟಿದ್ದು. ಬಂಡೀಪುರ, ನಾಗರಹೊಳೆ ಸುತ್ತ ಹಳ್ಳಿ ಶಾಲೆಗಳಿಗೆ ಹೋಗಿ ಕನ್ನಡದಲ್ಲೇ ಆಟ, ಚಿತ್ರ, ಕಥೆ ಮೂಲಕ ಹೇಳಿಕೊಡುತ್ತಾರೆ. ಅದಕ್ಕೂ ಮೊದಲು 2015ರಲ್ಲಿ ಅವರು ವೈಲ್ಡ್ ಸೇವೆ ಶುರು ಮಾಡಿದ್ದರು. ಬೆಳೆ ಹಾನಿಯಾದರೆ ರೈತ ಫೋನ್ ಮಾಡಿದರೆ ಸಾಕು, ಪರಿಹಾರದ ಅರ್ಜಿ ಹಾಕಲು ಜನ ಬರುತ್ತಾರೆ. ಈ ಕ್ರಮ ನನಗೆ ಸರಿ ಅನ್ನಿಸುತ್ತದೆ. ಮೊದಲು ಅಪ್ಪನ ಜೋಳಕ್ಕೆ ನ್ಯಾಯ, ಆಮೇಲೆ ಮಗನಿಗೆ ಆನೆಯ ಪಾಠ.

ಒಂದು ಕೇಳುತ್ತೇನೆ. ಕನ್ನಡ ಬಾರದ ಯಾರೋ ಎರಡು ವಾರಕ್ಕೆ ಬಂದು ನಮ್ಮ ಜೇನುಕುರುಬರ, ಸೋಲಿಗರ ಮಕ್ಕಳಿಗೆ ಆನೆ ಅಂದರೇನು ಅಂತ ಪಾಠ ಮಾಡಿದರೆ ನಮಗೆ ಹೇಗಿರುತ್ತದೆ? ಅಲ್ಲಿನ ದನಗಾಹಿ ಮಸಾಯಿ ಜನರ ಮಕ್ಕಳಿಗೂ ಹಾಗೇ ಅಲ್ವಾ?

ಹುಣಸೂರು ಟೀಚರ್

ಸರ್, ಬೇಜಾರಿಲ್ಲ. ನೀವು ಹೇಳಿದ್ದನ್ನೇ ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಕೊಡುತ್ತೇನೆ.

ನಾನು ಅಲ್ಲಿ ಮಕ್ಕಳಿಗೆ ಸಿಂಹದ ಬಗ್ಗೆ ಹೇಳಲು ಹೋಗುತ್ತಿಲ್ಲ. ಪ್ರಾಣಿಗೆ ಹೆದರುವ, ಪ್ರಾಣಿಯಿಂದ ನಷ್ಟ ಕಂಡ ಮನೆಯ ಮಕ್ಕಳಿಗೆ ಅಲ್ಲಿನ ಮೇಷ್ಟ್ರುಗಳು ಹೇಗೆ ಹೇಳುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಬೇಕು. ಅವರಿಗೆ ಬೇಕಾದ ಚಾರ್ಟ್ ಬರೆಯುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ವಿಜ್ಞಾನದ ಪ್ರಯೋಗಕ್ಕೆ ಕೈ ಹಾಕುವುದು ನನ್ನಿಂದ ಆಗುತ್ತದೆ. ನಮ್ಮ ಮಕ್ಕಳ ಚಿತ್ರ, ಪತ್ರ ಅಲ್ಲಿಗೆ ಕೊಂಡುಹೋಗಬೇಕು, ಅಲ್ಲಿಯದನ್ನು ಇಲ್ಲಿಗೆ ತರಬೇಕು ಅಂತಲೂ ಇದೆ. ಹೀಗಾದರೂ ತಪ್ಪೇ?

ನೈರೋಬಿ ಕನ್ನಡಿಗ

ಹಾಗಾದರೆ ಖಂಡಿತ ಬನ್ನಿ. ಮೇಷ್ಟ್ರ ಮಾತೂ ಸರಿ, ನಿಮ್ಮದೂ ಸರಿ.

ಇಲ್ಲಿ ಕಲಿಯಲು ಏನಿದೆ ಅಂತ ಒಂದು ಉದಾಹರಣೆ. ನೈರೋಬಿ ನ್ಯಾಷನಲ್ ಪಾರ್ಕ್ ಊರಿಗೆ ಅಂಟಿಕೊಂಡೇ ಇದೆ. 117 ಚದರ ಕಿಲೋಮೀಟರ್. 1946ರಲ್ಲಿ ಆದ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ದಕ್ಷಿಣದ ಕಡೆ ಬೇಲಿ ಇಲ್ಲ. ಜೀಬ್ರಾ ಹಿಂದೆ ಸಿಂಹ ಹೊರಗೆ ಬರುತ್ತದೆ, ಮಸಾಯಿಗಳ ದನ ಹಿಡಿಯುತ್ತದೆ. ಅಲ್ಲಿ ರಿಚರ್ಡ್ ಟುರೇರೆ ಅನ್ನುವ ಹುಡುಗನಿಗೆ ಅಪ್ಪನ ದನ ಕಾಯುವ ಕೆಲಸ. ಬೆಂಕಿ ಹಾಕಿದ, ಆಗಲಿಲ್ಲ. ಬೆರ್ಚಪ್ಪ ನಿಲ್ಲಿಸಿದ, ಒಂದು ರಾತ್ರಿ ಹೆದರಿದ ಸಿಂಹ ಮರುದಿನ ಬಂತು. ಒಂದು ರಾತ್ರಿ ಟಾರ್ಚ್ ಹಿಡಿದು ಓಡಾಡುತ್ತಿದ್ದಾಗ ಸಿಂಹ ಬರಲೇ ಇಲ್ಲ. ಅಲುಗಾಡುವ ಬೆಳಕಿಗೆ ಅದು ಹೆದರುತ್ತದೆ ಅಂತ ಗೊತ್ತಾಯಿತು. ಹಳೇ ಕಾರಿನ ಬ್ಯಾಟರಿ, ಸೋಲಾರ್ ಪ್ಯಾನೆಲ್, ಬೈಕಿನ ಇಂಡಿಕೇಟರ್ ಡಬ್ಬಿ, ಕೆಟ್ಟ ಟಾರ್ಚಿನ ಬಲ್ಬು ಸೇರಿಸಿ ಕೊಟ್ಟಿಗೆ ಸುತ್ತ ಮಿಣಮಿಣ ದೀಪ ಕಟ್ಟಿದ. ಆಗ ಅವನಿಗೆ ಹನ್ನೊಂದು ವರ್ಷ. 2013ರಲ್ಲಿ ಟೆಡ್ ವೇದಿಕೆಯಲ್ಲಿ ಇದನ್ನು ಹೇಳಿದ. ಇಂಥ ಮಕ್ಕಳಿರುವ ಕ್ಲಾಸಿನಲ್ಲಿ ಮೇಷ್ಟ್ರ ಕೆಲಸ ಪ್ರಶ್ನೆ ಕೇಳುವುದು, ಉತ್ತರ ಕೇಳಿಸಿಕೊಳ್ಳುವುದು.

ಇನ್ನೊಂದು ಇಲ್ಲಿನ ಆಂಬೊಸೆಲಿ ಪಾರ್ಕ್ ಕಡೆಯದು, ಲಯನ್ ಗಾರ್ಡಿಯನ್ಸ್. 2007ರಿಂದ ನಡೆದಿದೆ. ಹಿಂದೆ ಸಿಂಹ ಕೊಂದು ಹೆಸರು ಮಾಡುತ್ತಿದ್ದ ಯುವಕರೇ ಈಗ ಅದರ ಕಾವಲುಗಾರರು. ಸಿಂಹದ ಜಾಡು ಹಿಡಿದು, ದನ ಮೇಯಿಸುವವರಿಗೆ ಆ ಕಡೆ ಹೋಗಬೇಡಿ ಅಂತ ಮೊದಲೇ ತಿಳಿಸುತ್ತಾರೆ. ಕಳೆದುಹೋದ ದನ ಹುಡುಕಿಕೊಡುತ್ತಾರೆ. ಕೊಟ್ಟಿಗೆಯ ಮುಳ್ಳುಬೇಲಿ ಗಟ್ಟಿ ಮಾಡಿಸುತ್ತಾರೆ. ಓದು ಬಾರದವರಿಗೆ ಓದಲು ಬರೆಯಲು ಕಲಿಸಿದ್ದಾರೆ.

ನನಗೆ ತುಂಬಾ ನೋವಾಗುವ ಒಂದು ವಿಷಯ ಇದೆ. ಪಾರ್ಕಿನ ಗೇಟಿನ ಹೊರಗೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಒಳಗೆ ಹೋಗಿಯೇ ಇಲ್ಲ. ವಾಹನ ಇಲ್ಲದೆ ಒಳಗೆ ಹೋಗುವಂತಿಲ್ಲ, ವಾಹನಕ್ಕೆ ಶಾಲೆಯ ಹತ್ತಿರ ದುಡ್ಡಿಲ್ಲ. ಅವರಿಗೆ ಆನೆ ಅಂದರೆ ರಾತ್ರಿ ಹೊಲಕ್ಕೆ ಬರುವ ಕಪ್ಪು ಆಕೃತಿ ಮಾತ್ರ. ಹಗಲಿನಲ್ಲಿ, ನಿಶ್ಚಿಂತೆಯಿಂದ, ಮರಿ ಜೊತೆ ಇರುವ ಆನೆಯನ್ನು ಅವರು ನೋಡಿಲ್ಲ. ನಿಮ್ಮ ಖರ್ಚಿನಲ್ಲಿ ಏನಾದರೂ ಉಳಿದರೆ ಒಂದು ತರಗತಿಗೆ ಬಸ್ ಬಾಡಿಗೆ ಕೊಡಿ. ಹತ್ತು ಪಾಠಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಕಾಡಂಚಿನ ಮೇಷ್ಟ್ರು

ಈ ಕೊನೆಯ ಮಾತು ನಮ್ಮ ಕಡೆಯೂ ನಿಜ. ಬಂಡೀಪುರದ ಪಕ್ಕದ ನನ್ನ ಮಕ್ಕಳಲ್ಲಿ ಸಫಾರಿ ಬಸ್ ಹತ್ತಿದವರು ಬೆರಳೆಣಿಕೆ. ಮೇಡಂ, ಹೋಗಿ ಬನ್ನಿ. ಬಂದ ಮೇಲೆ ಒಂದು ಶನಿವಾರ ನಮ್ಮ ಶಾಲೆಗೂ ಬರಬೇಕು.

ಕಾಫಿತೋಟ

ನಾನು ಕೊಡಗಿನವಳು. ಆನೆ ಕಾಟ ಏನು ಅಂತ ಹೇಳಬೇಕಾಗಿಲ್ಲ. ಟೀಚರ್, ಸಾಧ್ಯವಾದರೆ ಕೀನ್ಯಾದ್ದೇ ತ್ಸಾವೊ ಪಾರ್ಕ್ ಪಕ್ಕದ ಸಗಲ್ಲಾ ಊರಿಗೂ ಹೋಗಿ. ಆನೆಗೆ ಜೇನುಹುಳ ಕಂಡರೆ ಆಗದು. ಅದನ್ನೇ ಹಿಡಿದು ಆನೆಗಳ ಸಂಶೋಧಕಿ ಲೂಸಿ ಕಿಂಗ್ ಅವರು ಅಲ್ಲಿ ಜೇನುಪೆಟ್ಟಿಗೆಯ ಬೇಲಿ ಮಾಡಿಸಿದ್ದಾರೆ. ಹೊಲದ ಸುತ್ತ ಹತ್ತತ್ತು ಮೀಟರಿಗೆ ಒಂದು ಪೆಟ್ಟಿಗೆ, ಎಲ್ಲವನ್ನೂ ಸೇರಿಸಿ ತಂತಿ. ಆನೆ ತಂತಿ ತಳ್ಳಿದರೆ ಪೆಟ್ಟಿಗೆಗಳು ಅಲ್ಲಾಡಿ ಹುಳ ಏಳುತ್ತವೆ. ರೈತನಿಗೆ ಜೇನುತುಪ್ಪವೂ ಸಿಗುತ್ತದೆ.

ನಮ್ಮಲ್ಲೂ ಇದನ್ನು ಮಾಡಿದ್ದಾರೆ. 2021ರ ಮಾರ್ಚ್‌ನಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದವರು ನಾಗರಹೊಳೆ ಅಂಚಿನಲ್ಲಿ, ಕೊಡಗಿನ ಚೇಲೂರಿನಲ್ಲಿ ಜೇನುಪೆಟ್ಟಿಗೆ ಇಟ್ಟರು. ಅಲ್ಲಿನದು ಆಫ್ರಿಕಾದ ಜೇನು, ಬಹಳ ಸಿಟ್ಟಿನದ್ದು. ನಮ್ಮ ತುಡುವೆ ಸಾಧು. ಹಾಗಾಗಿ ಅಲ್ಲಿ ಆದದ್ದೆಲ್ಲ ಇಲ್ಲೂ ಹಾಗೇ ಆಗುತ್ತೆ ಅನ್ನಲು ಬರಲ್ಲ. ಆದರೆ ಅಲ್ಲಿನ ರೈತರು ಪೆಟ್ಟಿಗೆಯನ್ನು ಹೇಗೆ ನೋಡಿಕೊಳ್ಳುತ್ತಾರೆ, ಬರಗಾಲದಲ್ಲಿ ಹುಳ ಬಿಟ್ಟು ಹೋದರೆ ಏನು ಮಾಡುತ್ತಾರೆ ಅಂತ ಕೇಳಿಕೊಂಡು ಬನ್ನಿ. ನಮಗೆ ಬೇಕಾಗಿರುವುದು ಅದು.

ಕಬಿನಿ ಕ್ಯಾಮೆರಾ

ಸಫಾರಿ ಭಾಗ ನಾನು ಹೇಳುತ್ತೇನೆ.

ಮಾರಾ ರಿಸರ್ವ್ ಪ್ರವೇಶ ಶುಲ್ಕ 2024ರಿಂದ ಬದಲಾಗಿದೆ. ವಿದೇಶಿಯರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಅದೂ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ಮೇ ತಿಂಗಳಲ್ಲಿ ಅರ್ಧ ದುಡ್ಡು ಉಳಿಯಿತು. ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವುದು ಆಗ ಸಿಗಲ್ಲ, ಅದು ಜುಲೈ ನಂತರದ ಮಾತು. ಬೇಜಾರು ಬೇಡ. ಸಿಂಹ, ಆನೆ, ಜಿರಾಫೆ ವರ್ಷವಿಡೀ ಅಲ್ಲೇ ಇರುತ್ತವೆ. ಮಳೆಗಾಲದ ಮಾರಾ ಹಸಿರು, ಜನ ಕಡಿಮೆ.

ಜನ ಕಡಿಮೆ ಇರುವುದು ಪ್ರಾಣಿಗೂ ಒಳ್ಳೆಯದು. 2018ರಲ್ಲಿ ಮಾರಾ ಚೀತಾಗಳ ಬಗ್ಗೆ ಒಂದು ಅಧ್ಯಯನ ಬಂತು. ವಾಹನ ಜಾಸ್ತಿ ಇರುವ ಕಡೆ ತಾಯಿ ಚೀತಾ ಸಾಕಿ ದೊಡ್ಡದು ಮಾಡಿದ್ದು ಸರಾಸರಿ 0.2 ಮರಿ. ವಾಹನ ಕಡಿಮೆ ಇರುವ ಕಡೆ 2.3. ಇದನ್ನು ಓದಿದ ಮೇಲೆ ನನಗೆ ಗುಂಪಿನಲ್ಲಿ ನಿಂತು ಫೋಟೋ ತೆಗೆಯಲು ಮನಸ್ಸು ಬರಲ್ಲ. ಒಂದು ಪ್ರಾಣಿಯ ಹತ್ತಿರ ಐದು ವಾಹನ, 25 ಮೀಟರ್ ದೂರ ಅಂತ ನಿಯಮ ಇದೆ. ಡ್ರೈವರ್‌ಗೆ ಹೊರಡುವ ಮೊದಲೇ ಹೇಳಿ: "ಹತ್ತಿರ ಹೋಗದಿದ್ದರೂ ಪರವಾಗಿಲ್ಲ, ಟಿಪ್ಸ್ ಕಡಿಮೆ ಆಗಲ್ಲ." ಪಾಪ, ಪ್ರವಾಸಿಗರ ಒತ್ತಾಯಕ್ಕೇ ಅವರು ನುಗ್ಗಿಸುವುದು.

ಸಾಧ್ಯವಾದರೆ ಕನ್ಸರ್ವೆನ್ಸಿಯಲ್ಲಿ ಉಳಿಯಿರಿ. ರಿಸರ್ವ್ ಪಕ್ಕದ ಮಸಾಯಿಗಳ ಸ್ವಂತ ಜಮೀನನ್ನು ಕ್ಯಾಂಪಿನವರು ಬಾಡಿಗೆಗೆ ಪಡೆದು ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ. ಪ್ರಾಣಿ ಇದ್ದರೆ ಮನೆಗೆ ಆದಾಯ. ಗೈಡ್‌ಗಳಲ್ಲಿ ಕೊಯಾಕಿ ಗೈಡಿಂಗ್ ಸ್ಕೂಲಿನಲ್ಲಿ ಕಲಿತವರು ಇರುತ್ತಾರೆ, 2005ರಲ್ಲಿ ಮಸಾಯಿ ಯುವಕ ಯುವತಿಯರಿಗೆ ಅಂತಲೇ ಆದ ಶಾಲೆ ಅದು. ನಿಮಗೆ ಅವರ ಹತ್ತಿರ ಮಾತಾಡಲು ಬಹಳ ಇರುತ್ತದೆ.

ಕಡು ನೀಲಿ, ಕಪ್ಪು ಬಟ್ಟೆ ಬೇಡ. ಕಚ್ಚುವ ಸೆಟ್ಸಿ ನೊಣ ಆ ಬಣ್ಣಕ್ಕೇ ಬರುತ್ತದೆ. ನಮ್ಮ ಫೋಟೋಗ್ರಾಫರ್‌ಗಳು ಹಾಕುವ ಮಿಲಿಟರಿ ಬಣ್ಣದ ಚುಕ್ಕೆ ಬಟ್ಟೆಯನ್ನು ಸಾಮಾನು ಕಟ್ಟುವಾಗಲೇ ತೆಗೆದಿಡಿ. ಉಗಾಂಡಾ, ಜಿಂಬಾಬ್ವೆಯಂಥ ಕಡೆ ಅದು ಕಾನೂನಿಗೆ ವಿರುದ್ಧ.

ಚೀತಾ ಹಾದಿ

ಕನ್ಸರ್ವೆನ್ಸಿ ಒಳ್ಳೆಯದೇ, ಆದರೆ ಅಲ್ಲಿನ ಕ್ಯಾಂಪುಗಳು ಟೀಚರ್ ಸಂಬಳಕ್ಕೆ ದುಬಾರಿ. ಒಂದೆರಡು ರಾತ್ರಿ ಅಲ್ಲಿ, ಉಳಿದದ್ದು ಗೇಟಿನ ಹೊರಗಿನ ಸಾದಾ ಟೆಂಟ್ ಕ್ಯಾಂಪಿನಲ್ಲಿ ಅಂತ ಮಾಡಿಕೊಳ್ಳಿ.

ನಾನು ಸ್ವಯಂಸೇವೆ ಮಾಡಿದ್ದು ನಮೀಬಿಯಾದಲ್ಲಿ, ಒಚಿವಾರೊಂಗೊ ಊರಿನ ಹತ್ತಿರ, ಚೀತಾ ಕನ್ಸರ್ವೇಶನ್ ಫಂಡ್‌ನಲ್ಲಿ. ಲಾರಿ ಮಾರ್ಕರ್ ಅವರು 1990ರಲ್ಲಿ ಕಟ್ಟಿದ ಸಂಸ್ಥೆ. ನನ್ನ ಪಾಲಿಗೆ ಬಂದ ಕೆಲಸ ನಾಯಿಗೂಡು ತೊಳೆಯುವುದು, ಮಾಂಸ ತೂಗಿ ಇಡುವುದು, ಮೇಕೆಗಳಿಗೆ ನೀರು, ಶಾಲಾ ಮಕ್ಕಳು ಬಂದ ದಿನ ಕುರ್ಚಿ ಜೋಡಿಸುವುದು. ಬೇಸರ ಆಗಲಿಲ್ಲ. ಯಾಕಂದರೆ ಆ ನಾಯಿಗಳೇ ಅಲ್ಲಿನ ದೊಡ್ಡ ಪಾಠ. ನಮೀಬಿಯಾದ ಹೆಚ್ಚಿನ ಚೀತಾಗಳು ಪಾರ್ಕಿನಲ್ಲಿಲ್ಲ, ಜನರ ಜಮೀನಿನಲ್ಲಿವೆ. ಮೇಕೆ ಹಿಡಿದರೆ ರೈತ ಗುಂಡು ಹೊಡೆಯುತ್ತಿದ್ದ. 1994ರಿಂದ ಕಂಗಾಲ್, ಅನಟೋಲಿಯನ್ ತಳಿಯ ದೊಡ್ಡ ನಾಯಿಗಳನ್ನು ಬೆಳೆಸಿ ರೈತರಿಗೆ ಕೊಡುತ್ತಿದ್ದಾರೆ. ಮರಿಯಿಂದಲೇ ಮೇಕೆಗಳ ಜೊತೆ ಬೆಳೆದ ನಾಯಿ ಹಿಂಡನ್ನು ಬಿಟ್ಟು ಹೋಗಲ್ಲ. ಚೀತಾ ಜಗಳಕ್ಕೆ ನಿಲ್ಲುವ ಪ್ರಾಣಿ ಅಲ್ಲ, ಬೊಗಳಿದರೆ ಹೊರಟುಹೋಗುತ್ತದೆ. ಮೇಕೆಯೂ ಉಳಿಯಿತು, ಚೀತಾವೂ ಉಳಿಯಿತು.

2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೊ ಕಾಡಿಗೆ ಬಂದ ಎಂಟು ಚೀತಾಗಳು ನಮೀಬಿಯಾದವೇ. ಕುನೊ ಸುತ್ತಲ ಹಳ್ಳಿ ಶಾಲೆಗಳಲ್ಲೂ ಈ ಪಾಠ ನಡೆಯಬೇಕು ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ.

ವೆಟರ್ನರಿ ಹುಡುಗ

ಅಕ್ಕ, ಉಗಾಂಡಾವನ್ನೂ ನೋಡಿ. ಎಂಟೆಬೆಯಲ್ಲಿ ಉಗಾಂಡಾ ವೈಲ್ಡ್‌ಲೈಫ್ ಎಜುಕೇಶನ್ ಸೆಂಟರ್ ಇದೆ. ಶಿಕ್ಷಣಕ್ಕೆ ಅಂತಲೇ ಇರುವ ಸಂಸ್ಥೆ.

ಅದೇ ದೇಶದ ಬ್ವಿಂಡಿ ಕಾಡಿನಲ್ಲಿ ವನ್ಯಜೀವಿ ವೈದ್ಯೆ ಡಾ. ಗ್ಲಾಡಿಸ್ ಕಲೆಮಾ ಜಿಕುಸೋಕ ಅವರ ಕೆಲಸ ನನಗೆ ಆದರ್ಶ. 1996ರಲ್ಲಿ ಅಲ್ಲಿನ ಗೊರಿಲ್ಲಾಗಳಿಗೆ ಕಜ್ಜಿ ಬಂತು. ಹುಡುಕಿದರೆ ಅದು ಅಕ್ಕಪಕ್ಕದ ಹಳ್ಳಿಯ ಜನರಿಂದ ಹತ್ತಿದ್ದು. ಹೊಲದ ಬೆರ್ಚಪ್ಪನ ಮೇಲಿದ್ದ ಹಳೇ ಬಟ್ಟೆಯಿಂದ ಬಂದಿರಬೇಕು ಅಂತ ತೀರ್ಮಾನಿಸಿದರು. ಜನರ ಆರೋಗ್ಯ ಸರಿಯಿಲ್ಲದೆ ಗೊರಿಲ್ಲಾ ಆರೋಗ್ಯ ಸರಿಯಾಗಲ್ಲ ಅಂತ ಅವರು 2003ರಲ್ಲಿ ಸಂಸ್ಥೆಯನ್ನೇ ಕಟ್ಟಿದರು. ಮನೆಮನೆಗೆ ಹೋಗಿ ಕೈ ತೊಳೆಯುವುದು, ಶೌಚಾಲಯ, ಕ್ಷಯದ ಕೆಮ್ಮು, ಗೊರಿಲ್ಲಾ ಎಲ್ಲವನ್ನೂ ಒಟ್ಟಿಗೇ ಹೇಳುತ್ತಾರೆ. ಗೊರಿಲ್ಲಾ ನೋಡುವ ಪರ್ಮಿಟ್ ಮಾತ್ರ ವಿದೇಶಿಯರಿಗೆ 800 ಡಾಲರ್. ನೆಗಡಿ ಇದ್ದರೆ ಬಿಡುವುದಿಲ್ಲ.

ಹುಣಸೂರು ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ದಕ್ಷಿಣ ಆಫ್ರಿಕಾ ಏಜೆನ್ಸಿಗೆ ಬೇಡ ಅಂತ ಬರೆದೆ. ಯಾಕೆ ಬೇಡ ಅಂತಲೂ ಬರೆದಿದ್ದೇನೆ. ಕೀನ್ಯಾ ತಂಡಕ್ಕೆ ಮೇ ತಿಂಗಳು ಬರುತ್ತೇನೆ, ವಿಶೇಷ ಪಾಸ್ ನೀವೇ ಮಾಡಿಸಬೇಕು ಅಂತ ಕೇಳಿದೆ. ಆಗಲಿ ಅಂದಿದ್ದಾರೆ. ಸಫಾರಿಯ ಒಂದು ದಿನ ಕಡಿಮೆ ಮಾಡಿ ಆ ದುಡ್ಡಿನಲ್ಲಿ ಒಂದು ತರಗತಿಯನ್ನು ಪಾರ್ಕಿಗೆ ಕರೆದೊಯ್ಯುವುದು ಅಂತ ಅಲ್ಲಿನ ಹೆಡ್‌ಮೇಷ್ಟ್ರ ಜೊತೆ ಮಾತಾಗಿದೆ. ಉಗಾಂಡಾ ಇನ್ನೊಂದು ಸಲಕ್ಕೆ.

ಉಳಿದದ್ದು ಸಣ್ಣ ಪ್ರಶ್ನೆಗಳು. ಇಂಜೆಕ್ಷನ್ ಏನೇನು? ಊಟ? ಮಕ್ಕಳಿಗೆ ಏನು ತರಲಿ?

ನೈರೋಬಿ ಕನ್ನಡಿಗ

ಹಳದಿ ಜ್ವರದ ಇಂಜೆಕ್ಷನ್ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಬೆಂಗಳೂರಿನಲ್ಲಿ ಸಿಗುತ್ತದೆ. ಹಾಕಿಸಿದ ಹತ್ತು ದಿನದ ಮೇಲಷ್ಟೇ ಕಾರ್ಡ್ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ಸಾಕು. ಕಾರ್ಡ್ ಇಲ್ಲದೆ ವಾಪಸ್ ಇಳಿದರೆ ಭಾರತದಲ್ಲೇ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮಲೇರಿಯಾ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಸರ್ಕಾರಿ ಶಾಲೆಯವರಾದರೆ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಪತ್ರಕ್ಕೆ ಈಗಲೇ ಅರ್ಜಿ ಹಾಕಿ, ಅದು ತಡವಾಗುತ್ತದೆ.

ಊಟಕ್ಕೆ ತೊಂದರೆ ಇಲ್ಲ. ಉಗಾಲಿ ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ. ಗಿಥೇರಿ ಅಂದರೆ ಕಾಳು, ಮೆಕ್ಕೆಜೋಳ ಬೇಯಿಸಿದ್ದು. ಚಪಾತಿ ಎಲ್ಲ ಕಡೆ ಇದೆ. ಮಾಂಸದ ಸಾರು ಬೆರೆಸಿಲ್ಲ ತಾನೇ ಅಂತ ಒಮ್ಮೆ ಕೇಳಿ.

ಪ್ಲಾಸ್ಟಿಕ್ ಕವರ್‌ನಲ್ಲಿ ಏನನ್ನೂ ಕಟ್ಟಬೇಡಿ. 2017ರಿಂದ ಇಲ್ಲಿ ನಿಷೇಧ, ದಂಡ ಜೋರಾಗಿದೆ. ಬಟ್ಟೆ ಚೀಲ ತನ್ನಿ.

ಮಕ್ಕಳಿಗೆ ಚಾಕಲೇಟ್, ಪೆನ್ನು ಅಂತ ಕೈಗೆ ಕೊಡಬೇಡಿ. ಮುಂದೆ ಬರುವ ಪ್ರತಿ ವಾಹನದ ಹಿಂದೆ ಓಡುವುದು ಅಲ್ಲಿಂದಲೇ ಶುರುವಾಗುತ್ತದೆ. ಕೊಡುವುದನ್ನು ಹೆಡ್‌ಮೇಷ್ಟ್ರ ಕೈಗೆ ಕೊಡಿ. ಮಕ್ಕಳ ಫೋಟೋ ಹಾಕುವ ಮೊದಲು ಶಾಲೆಯನ್ನು ಕೇಳಿ. ನಿಮ್ಮ ಹುಣಸೂರಿನ ಮಕ್ಕಳು ಬರೆದ ಆನೆಯ ಚಿತ್ರಗಳನ್ನು ಮರೆಯದೆ ತನ್ನಿ. ನಿಮ್ಮ ಆನೆಯ ಕಿವಿ ಚಿಕ್ಕದು, ಹೆಣ್ಣಾನೆಗೆ ದಂತ ಹೊರಗೆ ಕಾಣಲ್ಲ. ಇಲ್ಲಿನ ಮಕ್ಕಳು ಅದನ್ನು ನೋಡಿದ ತಕ್ಷಣ ಪ್ರಶ್ನೆ ಕೇಳುತ್ತಾರೆ. ಮೊದಲ ದಿನದ ತರಗತಿ ಅಲ್ಲಿಂದಲೇ ಶುರು ಮಾಡಬಹುದು.

ನೈರೋಬಿಗೆ ಇಳಿಯುವ ದಿನ ಗೊತ್ತಾದ ಮೇಲೆ ತಿಳಿಸಿ. ಇಲ್ಲಿನ ನಮ್ಮ ಕನ್ನಡಿಗರ ಮನೆಯಲ್ಲಿ ಮೊದಲ ರಾತ್ರಿ ಉಳಿಯಬಹುದು. ನನ್ನ ಹೆಂಡತಿ ಆಗಲೇ ಕೇಳಿದ್ದಾಳೆ, ಬರುವಾಗ ಹುರಿಗಡಲೆ ತರಲು ಆಗುತ್ತದಾ ಅಂತ.